ಬಿಸಿನೆಸ್ ಸೆಂಟ್ರಲ್‌ನಲ್ಲಿ ಕೋಪೈಲಟ್: ಆನ್ ಮಾಡುವುದರಿಂದ ತಿಂಗಳ ಲೆಕ್ಕ ಮುಗಿಸುವವರೆಗೆ ಸಮಗ್ರ ಮಾರ್ಗದರ್ಶಿ

ಲೆಕ್ಕ, ಸ್ಟಾಕ್, ಮಾರಾಟ ನೋಡಿಕೊಳ್ಳುವ ಸಾಫ್ಟ್‌ವೇರ್ ಆದ ಮೈಕ್ರೋಸಾಫ್ಟ್ ಡೈನಮಿಕ್ಸ್ 365 ಬಿಸಿನೆಸ್ ಸೆಂಟ್ರಲ್ ಬಳಸುವ ಕಂಪನಿಗಳ ಅಕೌಂಟ್ಸ್ ವಿಭಾಗದಲ್ಲಿ ಈಗ ಪದೇ ಪದೇ ಕೇಳಿಬರುವ ಪ್ರಶ್ನೆ ಒಂದೇ: ‘ಆ ಕೋಪೈಲಟ್ ಬಟನ್ ಒತ್ತಬಹುದಾ?’ ಒತ್ತಬಹುದು, ಅದು ಈ ಸಾಫ್ಟ್‌ವೇರ್‌ನೊಳಗಿನ ಎಐ ಸಹಾಯಕ. ಆದರೆ ಯಾವುದನ್ನು ಮೊದಲು ಒತ್ತಬೇಕು, ಒತ್ತಿದ ಮೇಲೆ ಏನು ನೋಡಬೇಕು, ಎಲ್ಲಿ ಕೈ ತಡೆಯಬೇಕು ಅನ್ನುವುದು ಗೊತ್ತಿರಬೇಕು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಅಕೌಂಟೆಂಟ್‌ಗಳು, ಸೇಲ್ಸ್ ನೋಡಿಕೊಳ್ಳುವವರು, ಸಣ್ಣ ಕಂಪನಿ ನಡೆಸುವವರು ಓದಿಕೊಂಡು ಮಾಡುವಷ್ಟು ಸರಳವಾಗಿದೆ. ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ.

ಸ್ವಲ್ಪ ಹಿನ್ನೆಲೆ. ಈ ಸಾಫ್ಟ್‌ವೇರ್‌ನ ಬೇರು ಡೆನ್ಮಾರ್ಕ್‌ನಲ್ಲಿದೆ. 1984ರಲ್ಲಿ ಶುರುವಾದ ಕಂಪನಿಯೊಂದು ತಯಾರಿಸಿದ ನಾವಿಷನ್ ಇದರ ಮೂಲ. 2002ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. 2018ರಲ್ಲಿ ಅದು ಬಿಸಿನೆಸ್ ಸೆಂಟ್ರಲ್ ಎಂಬ ಹೆಸರಿನಲ್ಲಿ ಕ್ಲೌಡ್‌ಗೆ ಬಂತು. ಕೋಪೈಲಟ್ ಸೇರಿದ್ದು 2023ರಲ್ಲಿ. ಮೊದಲು ಬಂದದ್ದು ಸರಕಿನ ವಿವರಣೆ ಬರೆದುಕೊಡುವ ಸಣ್ಣ ಸೌಲಭ್ಯ. ಆಮೇಲೆ ಬ್ಯಾಂಕ್ ರೀಕನ್ಸಿಲಿಯೇಷನ್ (ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ನಮ್ಮ ಲೆಕ್ಕ ತಾಳೆ ನೋಡುವುದು), ಪಟ್ಟಿಗಳ ವಿಶ್ಲೇಷಣೆ, ಆರ್ಡರ್ ಸಾಲು ತುಂಬುವುದು, ಈಗ ಮೇಲ್ ಓದಿ ಕೆಲಸ ಮಾಡುವ ಏಜೆಂಟ್‌ಗಳು. ಇವೆಲ್ಲ ಆನ್‌ಲೈನ್ ಆವೃತ್ತಿಗೆ ಮಾತ್ರ. ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡಿದ್ದರೆ ಕೋಪೈಲಟ್ ಸಿಗುವುದಿಲ್ಲ.

ಹಂತ 1: ಪ್ರಯೋಗಕ್ಕೆ ಬೇರೆ ಜಾಗ ಮಾಡಿಕೊಳ್ಳಿ

ನಿಜವಾದ ಲೆಕ್ಕದ ಮೇಲೆ ಮೊದಲ ದಿನವೇ ಪ್ರಯೋಗ ಬೇಡ. ಸಾಫ್ಟ್‌ವೇರ್ ಇನ್ನೂ ತೆಗೆದುಕೊಂಡಿಲ್ಲದಿದ್ದರೆ 30 ದಿನದ ಉಚಿತ ಟ್ರಯಲ್ ಇದೆ. ಅದರಲ್ಲಿ ‘ಕ್ರೋನಸ್’ ಎಂಬ ಮಾದರಿ ಕಂಪನಿ ಸಿದ್ಧವಾಗಿ ಬರುತ್ತದೆ. ಅದು ಕಚೇರಿ ಪೀಠೋಪಕರಣ ಮಾರುವ ಕಂಪನಿ. ಅಥೆನ್ಸ್ ಡೆಸ್ಕ್, ಪ್ಯಾರಿಸ್ ಗೆಸ್ಟ್ ಚೇರ್, ಲಂಡನ್ ಸ್ವಿವೆಲ್ ಚೇರ್ ಅಂತ ಸರಕುಗಳು, ಅಡಾಟಮ್ ಕಾರ್ಪೊರೇಷನ್, ಟ್ರೇ ರಿಸರ್ಚ್ ಅಂತ ಗ್ರಾಹಕರು ಇರುತ್ತಾರೆ. ಕೆಡಿಸಿದರೂ ಯಾರಿಗೂ ನಷ್ಟವಿಲ್ಲ.

ಈಗಾಗಲೇ ಬಳಸುತ್ತಿದ್ದರೆ ಅಡ್ಮಿನ್ ಸೆಂಟರ್‌ಗೆ ಹೋಗಿ ನಿಮ್ಮ ಕಂಪನಿಯ ಲೆಕ್ಕದ ಒಂದು ಪ್ರತಿಯನ್ನು ಸ್ಯಾಂಡ್‌ಬಾಕ್ಸ್ (ಪ್ರಯೋಗಕ್ಕೆಂದೇ ಇರುವ ಪ್ರತ್ಯೇಕ ಜಾಗ) ಆಗಿ ಮಾಡಿಕೊಳ್ಳಿ. ನನ್ನ ಮಾತು ಕೇಳುವುದಾದರೆ ಇದೇ ಒಳ್ಳೆಯದು. ಕ್ರೋನಸ್‌ನಲ್ಲಿ ಎಲ್ಲವೂ ಚೊಕ್ಕವಾಗಿರುತ್ತದೆ. ನಿಮ್ಮ ಲೆಕ್ಕದಲ್ಲಿ ಕೋಪೈಲಟ್ ಎಲ್ಲಿ ಎಡವುತ್ತದೆ ಎಂದು ಗೊತ್ತಾಗುವುದು ನಿಮ್ಮದೇ ಪಾರ್ಟಿಗಳು, ನಿಮ್ಮದೇ ಬ್ಯಾಂಕ್ ನರೇಷನ್ (ಸ್ಟೇಟ್‌ಮೆಂಟ್ ಸಾಲಿನಲ್ಲಿರುವ ವಿವರ) ಇದ್ದಾಗ ಮಾತ್ರ.

ಹಂತ 2: ಯಾವುದು ಆನ್, ಯಾವುದು ಆಫ್ ನೋಡಿ

ಆಲ್ಟ್ ಮತ್ತು ಕ್ಯೂ ಕೀ ಒಟ್ಟಿಗೆ ಒತ್ತಿ. ಹುಡುಕುವ ಪೆಟ್ಟಿಗೆ ತೆರೆಯುತ್ತದೆ. ಅಲ್ಲಿ ‘ಕೋಪೈಲಟ್’ ಎಂದು ಟೈಪ್ ಮಾಡಿ. ‘ಕೋಪೈಲಟ್ ಆ್ಯಂಡ್ ಏಜೆಂಟ್ ಕೇಪಬಿಲಿಟೀಸ್’ ಎಂಬ ಪುಟ ಸಿಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಇದರ ಹೆಸರಿನಲ್ಲಿ ಏಜೆಂಟ್ ಬದಲು ಎಐ ಇತ್ತು. ಎಲ್ಲ ಸೌಲಭ್ಯಗಳ ಪಟ್ಟಿ ಇಲ್ಲಿದೆ. ಒಂದೊಂದನ್ನೇ ಆರಿಸಿ ಆನ್ ಅಥವಾ ಆಫ್ ಮಾಡಬಹುದು. ಅದಕ್ಕೆ ಸೂಪರ್ ಪರ್ಮಿಷನ್ (ಎಲ್ಲ ಅಧಿಕಾರ) ಇರುವ ಬಳಕೆದಾರ ಬೇಕು.

ಗಮನಿಸಿ, ಹಲವು ಸೌಲಭ್ಯಗಳು ನೀವು ಕೇಳದೆಯೇ ಆನ್ ಆಗಿರುತ್ತವೆ. ಕೆಲವದರ ಮುಂದೆ ‘ಪ್ರಿವ್ಯೂ’ ಎಂದಿರುತ್ತದೆ. ಅಂದರೆ ಇನ್ನೂ ಪರೀಕ್ಷೆಯ ಹಂತ. ಅಂಥವನ್ನು ನಿಜವಾದ ಕಂಪನಿಯಲ್ಲಿ ಆಫ್ ಮಾಡಿಡಿ, ಸ್ಯಾಂಡ್‌ಬಾಕ್ಸ್‌ನಲ್ಲಿ ಮಾತ್ರ ಆನ್ ಮಾಡಿ.

ಇದೇ ಪುಟದಲ್ಲಿ ‘ಅಲೋ ಡೇಟಾ ಮೂವ್‌ಮೆಂಟ್’ ಎಂಬ ಸ್ವಿಚ್ ಕೂಡ ಕಾಣಬಹುದು. ಇದನ್ನು ಓದದೆ ಒತ್ತಬೇಡಿ. ಕೋಪೈಲಟ್ ಹಿಂದೆ ಕೆಲಸ ಮಾಡುವುದು ಮೈಕ್ರೋಸಾಫ್ಟ್ ಕ್ಲೌಡ್‌ನ ಎಐ ಸೇವೆಯಾದ ಅಜೂರ್ ಓಪನ್‌ಎಐ ಸೇವೆ. ನಿಮ್ಮ ಲೆಕ್ಕ ಇರುವ ಭೂಭಾಗದಲ್ಲಿ ಆ ಸೇವೆ ಇಲ್ಲದಿದ್ದರೆ ಮಾಹಿತಿ ಬೇರೆ ಭೂಭಾಗಕ್ಕೆ ಹೋಗಿ ಬರಬೇಕಾಗುತ್ತದೆ. ಅದಕ್ಕೆ ಒಪ್ಪಿಗೆ ಕೇಳುವ ಸ್ವಿಚ್ ಇದು. ನಿಮ್ಮ ಮಾಹಿತಿಯನ್ನು ಮೂಲ ಮಾದರಿಗಳ ತರಬೇತಿಗೆ ಬಳಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಆದರೂ ನಮ್ಮಲ್ಲಿನ ಕಂಪನಿಗಳು ಇನ್ನೊಂದು ವಿಷಯ ನೋಡಬೇಕು. 2022ರ ಆಗಸ್ಟ್‌ನ ತಿದ್ದುಪಡಿಯ ಪ್ರಕಾರ ಭಾರತದ ಕಂಪನಿಗಳು ಲೆಕ್ಕಪತ್ರಗಳ ಬ್ಯಾಕಪ್ ಅನ್ನು ಪ್ರತಿದಿನ ಭಾರತದೊಳಗಿನ ಸರ್ವರ್‌ನಲ್ಲಿ ಇಡಬೇಕು. ಬ್ಯಾಕಪ್ ಬೇರೆ, ಪ್ರಶ್ನೆ ಕೇಳಲು ಮಾಹಿತಿ ಹೋಗಿಬರುವುದು ಬೇರೆ. ಎರಡನ್ನೂ ನಿಮ್ಮ ಆಡಿಟರ್ ಜೊತೆ ಕೂತು ಮಾತಾಡಿ, ನಿರ್ಧಾರವನ್ನು ಬರೆದಿಟ್ಟುಕೊಂಡು, ಆಮೇಲೆ ಸ್ವಿಚ್ ಮುಟ್ಟಿ.

ಹಂತ 3: ಮಾಸ್ಟರ್ (ಸರಕು, ಖಾತೆಗಳ ಮೂಲ ಪಟ್ಟಿ) ಸರಿ ಮಾಡಿ

ಎಲ್ಲರೂ ಹಾರಿಸಿ ಮುಂದೆ ಹೋಗುವ ಹಂತ ಇದು. ಆದರೆ ಕೋಪೈಲಟ್ ಚೆನ್ನಾಗಿ ಕೆಲಸ ಮಾಡುತ್ತದೋ ಇಲ್ಲವೋ ಎನ್ನುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಕೋಪೈಲಟ್‌ಗೆ ನಿಮ್ಮ ವ್ಯಾಪಾರ ಗೊತ್ತಿಲ್ಲ. ಅದು ಓದುವುದು ನೀವು ಬರೆದಿಟ್ಟ ಹೆಸರುಗಳನ್ನು. ಸರಕಿನ ಪಟ್ಟಿಯಲ್ಲಿ ಒಂದೇ ಬೋಲ್ಟ್ ಮೂರು ಹೆಸರಿನಲ್ಲಿ ಇದ್ದರೆ ಅದು ಮೂರು ಸರಕು ಎಂದೇ ತಿಳಿಯುತ್ತದೆ. ಖಾತೆಗಳ ಪಟ್ಟಿಯಲ್ಲಿ ‘ಇತರೆ ಖರ್ಚು’ ಎಂಬ ಒಂದೇ ಖಾತೆಗೆ ಎಲ್ಲವನ್ನೂ ತುಂಬಿದ್ದರೆ, ಅದಕ್ಕೆ ಹೊಳೆಯುವ ಸಲಹೆಯೂ ಅದೇ. ಹಾಗಾಗಿ ಮೊದಲು ಖಾತೆಗಳ ಹೆಸರು ಬಿಡಿಸಿ ಬರೆಯಿರಿ: ಬ್ಯಾಂಕ್ ಶುಲ್ಕ, ಡೀಸೆಲ್ ಮತ್ತು ಸಾಗಾಣಿಕೆ, ಇಂಟರ್ನೆಟ್ ಮತ್ತು ಫೋನ್, ಹೀಗೆ. ಡುಪ್ಲಿಕೇಟ್ ಸರಕುಗಳನ್ನು ಬ್ಲಾಕ್ ಮಾಡಿ. ಐಟಂ ಕಾರ್ಡ್‌ನಲ್ಲಿ ಅಟ್ರಿಬ್ಯೂಟ್ಸ್ ಎಂಬ ಭಾಗ ಇದೆ, ಅಲ್ವಾ? ಅಲ್ಲಿ ಬಣ್ಣ, ಅಳತೆ, ಲೋಹ ಇವನ್ನು ತುಂಬಿ. ಮುಂದಿನ ಎರಡು ಮೂರು ಹಂತಗಳಲ್ಲಿ ಇದೇ ಕೆಲಸಕ್ಕೆ ಬರುತ್ತದೆ.

ಹಂತ 4: ಬ್ಯಾಂಕ್ ರೀಕನ್ಸಿಲಿಯೇಷನ್

ಒಂದೇ ಸೌಲಭ್ಯ ಬಳಸಿ ನೋಡುವುದಾದರೆ ಇದನ್ನು ಬಳಸಿ. ತಿಂಗಳಲ್ಲಿ ಜಾಸ್ತಿ ಸಮಯ ಉಳಿಯುವುದು ಇಲ್ಲೇ. ತಪ್ಪಾದರೆ ಹೆಚ್ಚು ಕಾಡುವುದೂ ಇದೇ.

ಬ್ಯಾಂಕ್ ಅಕೌಂಟ್ ರೀಕನ್ಸಿಲಿಯೇಷನ್ ಪುಟ ತೆರೆದು ಹೊಸದೊಂದನ್ನು ಶುರು ಮಾಡಿ. ಬ್ಯಾಂಕ್, ಸ್ಟೇಟ್‌ಮೆಂಟ್ ದಿನಾಂಕ, ಕೊನೆಯ ಬ್ಯಾಲೆನ್ಸ್ ಹಾಕಿ. ಸ್ಟೇಟ್‌ಮೆಂಟ್ ಫೈಲ್ ಇಂಪೋರ್ಟ್ ಮಾಡಿ. ಈಗ ಎಡಗಡೆ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಲುಗಳು, ಬಲಗಡೆ ನಿಮ್ಮ ಲೆಡ್ಜರ್ ಎಂಟ್ರಿಗಳು. ಮೇಲಿರುವ ಕೋಪೈಲಟ್ ಮೆನುವಿನಲ್ಲಿ ‘ರೀಕನ್ಸೈಲ್ ವಿತ್ ಕೋಪೈಲಟ್’ ಒತ್ತಿ.

ಅದು ಎರಡು ಸುತ್ತು ಕೆಲಸ ಮಾಡುತ್ತದೆ. ಮೊದಲ ಸುತ್ತಿನಲ್ಲಿ ಹಳೆಯ ನಿಯಮಗಳಂತೆ ಮೊತ್ತ, ದಿನಾಂಕ, ಡಾಕ್ಯುಮೆಂಟ್ ನಂಬರ್ ನೋಡಿ ಹೊಂದಿಸುತ್ತದೆ. ಇದರಲ್ಲಿ ಎಐ ಇಲ್ಲ. ಉಳಿದದ್ದನ್ನು ಎರಡನೇ ಸುತ್ತಿನಲ್ಲಿ ಎಐ ನೋಡುತ್ತದೆ. ನರೇಷನ್ ಅರ್ಧಕ್ಕೆ ಕತ್ತರಿಸಿದ್ದರೂ, ಹೆಸರು ಸ್ವಲ್ಪ ಬೇರೆಯಾಗಿದ್ದರೂ, ಹಲವು ಎಂಟ್ರಿ ಸೇರಿ ಒಂದೇ ಮೊತ್ತವಾಗಿದ್ದರೂ ಹೊಂದಿಸಲು ನೋಡುತ್ತದೆ. ಉದಾಹರಣೆಗೆ ಪಾರ್ಟಿಯೊಬ್ಬರು 2,36,000 ರೂಪಾಯಿ ಒಂದೇ ನೆಫ್ಟ್‌ನಲ್ಲಿ ಕಳಿಸಿದ್ದಾರೆ. ನಿಮ್ಮ ಕಡೆ ಬಿಲ್‌ವಾರು 1,18,000ದ ಎರಡು ರಸೀದಿ ಎಂಟ್ರಿ ಇವೆ. ಮೊತ್ತ ನೋಡಿ ಹೊಂದಿಸುವ ನಿಯಮ ಇಲ್ಲಿ ಕೈಚೆಲ್ಲಬಹುದು. ಕೋಪೈಲಟ್ ಎರಡನ್ನೂ ಸೇರಿಸಿ ಸಲಹೆ ಕೊಡಬಲ್ಲದು.

ಸಲಹೆಗಳ ಕಿಟಕಿ ತೆರೆದಾಗ ಅದರಲ್ಲಿ ‘ಪೋಸ್ಟ್ ಇಫ್ ಫುಲಿ ಅಪ್ಲೈಡ್’ ಎಂಬ ಸ್ವಿಚ್ ಇರುತ್ತದೆ. ಆಫ್ ಆಗಿಯೇ ಇಡಿ. ಎಲ್ಲವೂ ಹೊಂದಿತು ಎಂದು ಅದಕ್ಕೆ ಅನಿಸಿದ ತಕ್ಷಣ ಪೋಸ್ಟ್ ಆಗಿಬಿಡುವುದು, ಅಂದರೆ ಲೆಕ್ಕದಲ್ಲಿ ಅಂತಿಮವಾಗಿ ದಾಖಲಾಗುವುದು, ನಮಗೆ ಬೇಡ. ನೀವು ನೋಡಿದ ಮೇಲೆಯೇ ಪೋಸ್ಟ್ ಆಗಬೇಕು.

ಈಗ ಸಲಹೆಗಳನ್ನು ಒಂದೊಂದಾಗಿ ನೋಡಿ. ಮೂರು ಕಡೆ ಕಣ್ಣು ಚುರುಕಾಗಿರಲಿ.

ಒಂದು, ಒಂದೇ ಮೊತ್ತದ ಎಂಟ್ರಿಗಳು. ನೀವು 25,000 ರೂಪಾಯಿಯ ಎರಡು ಚೆಕ್ ಕೊಟ್ಟಿದ್ದೀರಿ. ಒಂದು ಮಾತ್ರ ಪಾಸಾಗಿದೆ. ಕೋಪೈಲಟ್ ಅದನ್ನು ಇನ್ನೊಂದು ಚೆಕ್‌ಗೆ ಹೊಂದಿಸಿದರೂ ಬ್ಯಾಲೆನ್ಸ್ ಸರಿಯಾಗಿಯೇ ಬರುತ್ತದೆ. ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಪಾಸಾಗದ ಚೆಕ್ ಪಾಸಾಗಿದೆ ಎಂದು ಲೆಕ್ಕದಲ್ಲಿ ಕೂತಿರುತ್ತದೆ. 2012ರ ಏಪ್ರಿಲ್‌ನಿಂದ ಚೆಕ್‌ನ ಅವಧಿ ಮೂರೇ ತಿಂಗಳು. ಅವಧಿ ಮುಗಿದ ಮೇಲೆ ಪಾರ್ಟಿ ಫೋನ್ ಮಾಡಿದಾಗಲೇ ಹುಡುಕಾಟ ಶುರುವಾಗುವುದು. ಚೆಕ್ ನಂಬರ್ ಅನ್ನು ಕಣ್ಣಾರೆ ತಾಳೆ ನೋಡಿ.

ಎರಡು, ಬ್ಯಾಂಕ್ ಶುಲ್ಕ. ಹೊಂದದೆ ಉಳಿದ ಸಾಲುಗಳಿಗೆ ಕೋಪೈಲಟ್ ಇನ್ನೊಂದು ಕೆಲಸ ಮಾಡುತ್ತದೆ. ನರೇಷನ್ ಮತ್ತು ಖಾತೆಯ ಹೆಸರು ಹೋಲಿಸಿ, ಯಾವ ಖಾತೆಗೆ ಹಾಕಬಹುದು ಎಂದು ಹೇಳುತ್ತದೆ. ಸ್ಟೇಟ್‌ಮೆಂಟ್‌ನಲ್ಲಿ 590 ರೂಪಾಯಿಯ ಶುಲ್ಕ ಇದೆ ಎಂದುಕೊಳ್ಳಿ. ಅದು ಪೂರ್ತಿ 590 ಅನ್ನು ಬ್ಯಾಂಕ್ ಶುಲ್ಕ ಖಾತೆಗೆ ಹಾಕಲು ಹೇಳಬಹುದು. ನಿಜದಲ್ಲಿ ಅದು 500 ಶುಲ್ಕ, 90 ಜಿಎಸ್‌ಟಿ. ರಾಜ್ಯದೊಳಗಿನ ಬಿಲ್ ಆದರೆ 45 ಕೇಂದ್ರದ್ದು, 45 ರಾಜ್ಯದ್ದು. ಎಸ್‌ಎಂಎಸ್ ಶುಲ್ಕದ 17.70 ಕೂಡ ಹಾಗೇ, 15 ಮತ್ತು 2.70. ಪೂರ್ತಿ ಖರ್ಚಿಗೆ ಹಾಕಿದರೆ ನಿಮಗೆ ಸಿಗಬೇಕಾದ ಇನ್‌ಪುಟ್ ಕ್ರೆಡಿಟ್ (ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ) ಕೈತಪ್ಪುತ್ತದೆ. ಮೊತ್ತ ಚಿಕ್ಕದು ಅನಿಸಬಹುದು. ಸಾಲದ ಪ್ರೊಸೆಸಿಂಗ್ ಶುಲ್ಕ, ಬ್ಯಾಂಕ್ ಗ್ಯಾರಂಟಿ ಕಮಿಷನ್ ಬಂದಾಗ ಅದೇ ತಪ್ಪು ಸಾವಿರಗಳಲ್ಲಿ ಇರುತ್ತದೆ. ಇಂಥ ಸಾಲುಗಳಲ್ಲಿ ಸಲಹೆ ಅಳಿಸಿ. ಬ್ಯಾಂಕ್ ಕೊಡುವ ಟ್ಯಾಕ್ಸ್ ಇನ್‌ವಾಯ್ಸ್ ಇಟ್ಟುಕೊಂಡು, ಜಿಎಸ್‌ಟಿಆರ್ 2ಬಿ (ನಿಮಗೆ ಸಿಗುವ ಇನ್‌ಪುಟ್ ಕ್ರೆಡಿಟ್ ತೋರಿಸುವ ಜಿಎಸ್‌ಟಿ ಪಟ್ಟಿ) ನೋಡಿ, ಪ್ರತ್ಯೇಕ ಎಂಟ್ರಿ ಮಾಡಿ. ಬಡ್ಡಿಯಂಥ ಜಿಎಸ್‌ಟಿ ಇಲ್ಲದ ಸಾಲುಗಳಿಗೆ ಸಲಹೆಯನ್ನು ಧಾರಾಳವಾಗಿ ಒಪ್ಪಬಹುದು. ‘ಈ ನರೇಷನ್ ಬಂದರೆ ಈ ಖಾತೆ’ ಎಂದು ಉಳಿಸಿಟ್ಟರೆ ಮುಂದಿನ ತಿಂಗಳು ಎಐ ಬೇಕಾಗುವುದೇ ಇಲ್ಲ.

ಮೂರು, ಟಿಡಿಎಸ್ (ಹಣ ಕೊಡುವವರು ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿದು ಬಂದ ಹಣ. ಗುತ್ತಿಗೆ ಕೆಲಸದ ಬಿಲ್ 1,18,000, ಅದರಲ್ಲಿ ಜಿಎಸ್‌ಟಿ ಬಿಟ್ಟರೆ 1,00,000. ಪಾರ್ಟಿ 2 ಪರ್ಸೆಂಟ್ ಟಿಡಿಎಸ್ ಕಡಿದು 1,16,000 ಕಳಿಸಿದ್ದಾರೆ. ನಿಮ್ಮ ಕಡೆ ಯಾರೋ ರಸೀದಿಯನ್ನು 1,18,000ಕ್ಕೇ ಹಾಕಿದ್ದರೆ ಬ್ಯಾಂಕ್ ಸಾಲು ಹೊಂದುವುದಿಲ್ಲ. ಕೋಪೈಲಟ್ ಇಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎಂಟ್ರಿಗಳನ್ನು ಜೋಡಿಸಲು ನೋಡಬಹುದು. ಅದನ್ನು ಒಪ್ಪಬೇಡಿ, ಉಳಿದ 2,000ವನ್ನು ವ್ಯತ್ಯಾಸ ಎಂದು ಖರ್ಚಿಗೂ ಹಾಕಬೇಡಿ. ಅದು ನಿಮ್ಮ ತೆರಿಗೆ, ಸರ್ಕಾರದ ಬಳಿ ಜಮೆಯಾಗಿರುವ ಹಣ. ರಸೀದಿ ಎಂಟ್ರಿಯನ್ನು ರಿವರ್ಸ್ ಮಾಡಿ, 1,16,000 ಬ್ಯಾಂಕಿಗೆ, 2,000 ಬರಬೇಕಾದ ಟಿಡಿಎಸ್ ಖಾತೆಗೆ ಹಾಕಿ. ಆಮೇಲೆ ಮತ್ತೆ ಹೊಂದಿಸಿ.

ಎಲ್ಲ ನೋಡಿದ ಮೇಲೆ ‘ಕೀಪ್ ಇಟ್’ ಒತ್ತಿ. ಇದು ಸಲಹೆಗಳನ್ನು ಉಳಿಸುತ್ತದೆ ಅಷ್ಟೇ. ಬೇಡವೆಂದರೆ ಪಕ್ಕದ ಡಿಸ್ಕಾರ್ಡ್ ಗುರುತು ಒತ್ತಿ. ಉಳಿಸಿದ ಮೇಲೂ ಯಾವ ಸಾಲನ್ನಾದರೂ ಬಿಡಿಸಬಹುದು. ವ್ಯತ್ಯಾಸ ಸೊನ್ನೆ ಆದ ಮೇಲೆ ನೀವೇ ಪೋಸ್ಟ್ ಮಾಡಿ.

ಹಂತ 5: ಗ್ರಾಹಕರ ಮೆಸೇಜ್‌ನಿಂದ ಆರ್ಡರ್

ಹೊಸ ಸೇಲ್ಸ್ ಆರ್ಡರ್ ತೆರೆದು ಗ್ರಾಹಕರ ಹೆಸರು ಹಾಕಿ. ಸಾಲುಗಳ ಜಾಗದಲ್ಲಿ ಕೋಪೈಲಟ್ ಗುರುತು ಒತ್ತಿದರೆ ‘ಸಜೆಸ್ಟ್ ಲೈನ್ಸ್’ ಸಿಗುತ್ತದೆ. ಅಲ್ಲಿ ಗ್ರಾಹಕರು ಕಳಿಸಿದ ಮಾತನ್ನೇ ಅಂಟಿಸಬಹುದು. ಕ್ರೋನಸ್‌ನಲ್ಲಿ ‘ನೀಲಿ ಸ್ವಿವೆಲ್ ಚೇರ್ 5, ಅಥೆನ್ಸ್ ಡೆಸ್ಕ್ 2’ ಎಂಬ ಅರ್ಥದ ಸಾಲು ಹಾಕಿ ನೋಡಿ. ಕೋಡ್ ನಂಬರ್ ಇಲ್ಲದೆಯೇ ಲಂಡನ್ ಸ್ವಿವೆಲ್ ಚೇರ್ ಹುಡುಕಿಕೊಂಡು ಬರುತ್ತದೆ. ‘ಹೋದ ಸಲದ ಬಿಲ್‌ನಂತೆಯೇ’ ಎಂದು ಕೇಳಿದರೆ ಹಳೆಯ ಸಾಲುಗಳನ್ನು ತರುತ್ತದೆ. ಉದ್ದ ಪಟ್ಟಿ ಇದ್ದರೆ ಸಿಎಸ್‌ವಿ ಫೈಲ್ ಕೂಡ ಕೊಡಬಹುದು.

ಸೂಚನೆಯನ್ನು ಸದ್ಯಕ್ಕೆ ಇಂಗ್ಲಿಷ್‌ನಲ್ಲಿ ಬರೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಕನ್ನಡ ಇಂಗ್ಲಿಷ್ ಬೆರೆತ ಮೆಸೇಜ್ ಅನ್ನು ಹಾಗೇ ಅಂಟಿಸಿದರೆ ಫಲಿತಾಂಶವನ್ನು ಇನ್ನೂ ಹುಷಾರಾಗಿ ನೋಡಬೇಕು.

ತಪ್ಪುವುದು ಜಾಸ್ತಿ ಯೂನಿಟ್‌ನಲ್ಲಿ. ಗ್ರಾಹಕರು ‘10 ಬಾಕ್ಸ್’ ಎಂದಿರುತ್ತಾರೆ, ಸಾಲಿನಲ್ಲಿ 10 ಪೀಸ್ ಬಂದಿರುತ್ತದೆ. ಸಾಲುಗಳನ್ನು ಸೇರಿಸುವ ಮೊದಲು ಯೂನಿಟ್ ಕಾಲಂ ಮೇಲಿಂದ ಕೆಳಗೆ ಒಮ್ಮೆ ಓದಿ. ದರ ಮತ್ತು ಜಿಎಸ್‌ಟಿ ನಿಮ್ಮ ಮಾಸ್ಟರ್‌ನಿಂದ ಬರುತ್ತವೆ, ಎಐ ಅವನ್ನು ಊಹಿಸುವುದಿಲ್ಲ. ಆದರೆ ತಪ್ಪು ಸರಕು ಆಯ್ಕೆಯಾದರೆ ತಪ್ಪು ಎಚ್‌ಎಸ್‌ಎನ್ ಕೋಡ್ (ಜಿಎಸ್‌ಟಿಗಾಗಿ ಸರಕನ್ನು ಗುರುತಿಸುವ ಸಂಖ್ಯೆ) ಕೂಡ ಜೊತೆಗೇ ಬರುತ್ತದೆ.

ಹಂತ 6: ಸರಕಿನ ವಿವರಣೆ

ಐಟಂ ಕಾರ್ಡ್‌ನ ಬಲಗಡೆ ಮಾರ್ಕೆಟಿಂಗ್ ಟೆಕ್ಸ್ಟ್ ಭಾಗದಲ್ಲಿ ಕೋಪೈಲಟ್‌ನಿಂದ ಬರೆಸಬಹುದು. ಧಾಟಿ, ಉದ್ದ, ಯಾವ ಗುಣಕ್ಕೆ ಒತ್ತು ಎಂದು ಆರಿಸಿ. ನೀವು ತುಂಬಿದ ಅಟ್ರಿಬ್ಯೂಟ್ಸ್ ಆಧಾರದ ಮೇಲೆ ಬರೆಯುತ್ತದೆ. ತುಂಬದಿದ್ದರೆ ಸುಮ್ನೆ ಹೊಗಳಿಕೆಯ ಮಾತು ಬರುತ್ತದೆ. ವಾರಂಟಿ, ಐಎಸ್‌ಐ ಗುರುತು, ‘ನೀರು ತಾಗಿದರೂ ಹಾಳಾಗದು’ ಎಂಬಂಥ ಭರವಸೆಗಳು ನೀವು ಬರೆಯದೆ ನುಸುಳಿದ್ದರೆ ತೆಗೆದುಹಾಕಿ. ಗ್ರಾಹಕರು ಅದನ್ನೇ ಹಿಡಿದುಕೊಂಡು ಬರುತ್ತಾರೆ.

ಹಂತ 7: ಪಟ್ಟಿಗೆ ಪ್ರಶ್ನೆ ಕೇಳುವುದು

ಗ್ರಾಹಕರ ಲೆಡ್ಜರ್, ಐಟಂ ಲೆಡ್ಜರ್‌ನಂಥ ಉದ್ದ ಪಟ್ಟಿ ತೆರೆದಾಗ ಅದನ್ನು ಗುಂಪು ಮಾಡಿ ನೋಡಲು ಅನಾಲಿಸಿಸ್ ಮೋಡ್ ಇದೆ. ಅದರಲ್ಲಿ ಕೋಪೈಲಟ್‌ಗೆ ‘ಗ್ರಾಹಕವಾರು, ತಿಂಗಳುವಾರು ಬಾಕಿ ತೋರಿಸು’ ಎಂದರೆ ಗುಂಪು ಮಾಡಿ, ಮೊತ್ತ ಕೂಡಿಸಿ ಹೊಸ ಟ್ಯಾಬ್ ಮಾಡಿಕೊಡುತ್ತದೆ. ಎಕ್ಸೆಲ್‌ಗೆ ತೆಗೆದು ಪಿವಟ್ ಹಾಕುವ ಕೆಲಸ ತಪ್ಪುತ್ತದೆ. ಇಲ್ಲಿ ಎಐ ಅಂಕಿಗಳನ್ನು ಸೃಷ್ಟಿಸುವುದಿಲ್ಲ, ಕಾಲಂಗಳನ್ನು ಜೋಡಿಸುತ್ತದೆ ಅಷ್ಟೇ. ಹಾಗಾಗಿ ಇದು ನಾನು ಹೆಚ್ಚು ನಂಬುವ ಸೌಲಭ್ಯ. ನೋಡಬೇಕಾದದ್ದು ಫಿಲ್ಟರ್ ಒಂದನ್ನೇ. ‘ಈ ವರ್ಷ’ ಎಂದಾಗ ಅದು ಜನವರಿಯಿಂದ ಲೆಕ್ಕ ಹಾಕಿದೆಯೇ, ನಮ್ಮ ಏಪ್ರಿಲ್‌ನಿಂದಲೇ ಎಂದು ನೋಡಿ. ತಾರೀಕುಗಳನ್ನೇ ಬರೆದು ಕೇಳುವುದು ವಾಸಿ.

ಪಕ್ಕದ ಚಾಟ್ ಕಿಟಕಿ ಸಾಫ್ಟ್‌ವೇರ್ ಬಗ್ಗೆ ಕೇಳಲು, ದಾಖಲೆ ಹುಡುಕಲು ಚೆನ್ನಾಗಿದೆ. ಹೊಸದಾಗಿ ಸೇರಿದವರಿಗೆ ಇದು ದೊಡ್ಡ ಆಸರೆ. ತೆರಿಗೆ ಸಲಹೆಯನ್ನು ಮಾತ್ರ ಅದರಿಂದ ಪಡೆಯಬೇಡಿ.

ಹಂತ 8: ಯಾರು ತಡ ಮಾಡುತ್ತಾರೆ ಎಂಬ ಅಂದಾಜು

ಇದು ಕೋಪೈಲಟ್‌ಗಿಂತ ಹಳೆಯದು. ಮೆಷಿನ್ ಲರ್ನಿಂಗ್ ಆಧಾರದ ‘ಲೇಟ್ ಪೇಮೆಂಟ್ ಪ್ರಿಡಿಕ್ಷನ್’ ಸೌಲಭ್ಯವನ್ನು ಅದರ ಸೆಟಪ್ ಪುಟದಲ್ಲಿ ಆನ್ ಮಾಡಿ. ಬಾಕಿ ಬಿಲ್‌ಗಳ ಮುಂದೆ ತಡವಾಗುತ್ತದೆಯೇ ಇಲ್ಲವೇ ಎಂಬ ಅಂದಾಜು, ಅದರ ಖಚಿತತೆ ಬರುತ್ತದೆ. 90 ಪರ್ಸೆಂಟ್‌ಗಿಂತ ಮೇಲಿದ್ದರೆ ‘ಹೈ’, 80ರಿಂದ 90 ‘ಮೀಡಿಯಂ’, ಅದಕ್ಕಿಂತ ಕೆಳಗೆ ‘ಲೋ’. ವಸೂಲಿಗೆ ಫೋನ್ ಮಾಡುವ ಪಟ್ಟಿಯನ್ನು, ತಡವಾಗುತ್ತದೆ ಎಂಬ ಅಂದಾಜಿನ ಖಚಿತತೆ ‘ಹೈ’ ಇರುವ ಬಿಲ್‌ಗಳಿಂದ ಶುರು ಮಾಡಿ. ಅಂದಾಜು ನೋಡಿಯೇ ಹಳೆಯ ಗ್ರಾಹಕರ ಕ್ರೆಡಿಟ್ ನಿಲ್ಲಿಸುವ ತನಕ ಹೋಗಬೇಡಿ. ಅವರ ಮಾಲೀಕರು ಆಸ್ಪತ್ರೆಯಲ್ಲಿದ್ದರೋ, ಸರ್ಕಾರಿ ಬಿಲ್ ಪಾಸಾಗಲಿಲ್ಲವೋ, ಮಾದರಿಗೆ ಗೊತ್ತಿಲ್ಲ. ನಿಮ್ಮ ಸೇಲ್ಸ್‌ನವರಿಗೆ ಗೊತ್ತಿರುತ್ತದೆ.

ಹಂತ 9: ಏಜೆಂಟ್‌ಗಳನ್ನು ಕೊನೆಗೆ ಇಡಿ

ಸೇಲ್ಸ್ ಆರ್ಡರ್ ಏಜೆಂಟ್ ಒಂದು ಮೇಲ್‌ಬಾಕ್ಸ್ ಕಾಯುತ್ತದೆ. ಗ್ರಾಹಕರ ಮೇಲ್ ಓದಿ, ಸ್ಟಾಕ್ ನೋಡಿ, ಕೊಟೇಷನ್ ಸಿದ್ಧಮಾಡಿ ನಿಮ್ಮ ಒಪ್ಪಿಗೆಗೆ ಇಡುತ್ತದೆ. ಪೇಯಬಲ್ಸ್ ಏಜೆಂಟ್ ಸಪ್ಲೈಯರ್‌ಗಳ ಪಿಡಿಎಫ್ ಬಿಲ್ ಓದಿ ಖರೀದಿ ಬಿಲ್‌ನ ಡ್ರಾಫ್ಟ್ ಮಾಡುತ್ತದೆ. ಇವು ಬೇರೆ ಸೌಲಭ್ಯಗಳ ಹಾಗಲ್ಲ. ಬಳಸಿದಷ್ಟಕ್ಕೆ ಪ್ರತ್ಯೇಕ ಹಣ ಬೀಳುತ್ತದೆ. ಎಲ್ಲ ದೇಶ, ಎಲ್ಲ ಭಾಷೆಗೆ ಒಟ್ಟಿಗೆ ಬರುವುದೂ ಇಲ್ಲ. ನಿಮ್ಮ ಪಾರ್ಟ್‌ನರ್ (ನಿಮಗೆ ಸಾಫ್ಟ್‌ವೇರ್ ಮಾರಿದ ಕಂಪನಿ) ಹತ್ತಿರ ದರ ಮತ್ತು ಲಭ್ಯತೆಯನ್ನು ಬರವಣಿಗೆಯಲ್ಲಿ ಕೇಳಿ.

ಏಜೆಂಟ್‌ಗೆ ಅದರದೇ ಪರ್ಮಿಷನ್ ಇರುತ್ತದೆ. ಆ ಕೆಲಸಕ್ಕೆ ಬೇಕಾದಷ್ಟೇ ಕೊಡಿ. ಮುಖ್ಯ ಮೇಲ್ ವಿಳಾಸ ಕೊಡದೆ ಆರ್ಡರ್‌ಗೆಂದೇ ಬೇರೆ ವಿಳಾಸ ಮಾಡಿ. ಖರೀದಿ ಬಿಲ್‌ಗಳಲ್ಲಿ ಸಪ್ಲೈಯರ್‌ನ ಬ್ಯಾಂಕ್ ಖಾತೆ ಬದಲಾಗಿದ್ದರೆ ಹಣ ಕಳಿಸುವ ಮೊದಲು ನಿಮ್ಮ ಬಳಿ ಮೊದಲಿನಿಂದ ಇರುವ ನಂಬರ್‌ಗೆ ಫೋನ್ ಮಾಡಿ ಕೇಳಿ. ಬಿಲ್ ಮೇಲಿರುವ ನಂಬರ್‌ಗೆ ಬೇಡ. ನಕಲಿ ಬಿಲ್ ಕಳಿಸುವವರು ಆ ನಂಬರನ್ನೂ ಬದಲಿಸಿರುತ್ತಾರೆ.

ಹಂತ 10: ದಾಖಲೆ ಉಳಿಯುವಂತೆ ನೋಡಿಕೊಳ್ಳಿ

2023ರ ಏಪ್ರಿಲ್ 1ರಿಂದ ಭಾರತದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ (ಯಾರು, ಯಾವಾಗ, ಏನು ಬದಲಿಸಿದರು ಎಂಬ ದಾಖಲೆ) ಇರಲೇಬೇಕು, ಅದನ್ನು ಆಫ್ ಮಾಡುವ ಹಾಗಿಲ್ಲ. ಬಿಸಿನೆಸ್ ಸೆಂಟ್ರಲ್‌ನಲ್ಲಿ ಚೇಂಜ್ ಲಾಗ್ ಎಂಬ ವ್ಯವಸ್ಥೆ ಇದೆ. ಅದು ಆನ್ ಇದೆಯೇ, ಯಾವ ಟೇಬಲ್‌ಗಳನ್ನು ಹಿಡಿಯುತ್ತಿದೆ ಎಂದು ಆಡಿಟರ್ ಜೊತೆ ನೋಡಿ. ಕೋಪೈಲಟ್ ಸಲಹೆಯನ್ನು ಒಪ್ಪಿ ನೀವು ಪೋಸ್ಟ್ ಮಾಡಿದರೆ ದಾಖಲೆಯಲ್ಲಿ ಇರುವುದು ನಿಮ್ಮ ಹೆಸರು. ಹಾಗಾಗಿ ಇಬ್ಬರು ಮೂವರು ಒಂದೇ ಲಾಗಿನ್ ಹಂಚಿಕೊಳ್ಳುವ ಅಭ್ಯಾಸ ಇದ್ದರೆ ಇಂದೇ ನಿಲ್ಲಿಸಿ.

ಈ ಸಾಫ್ಟ್‌ವೇರ್‌ಗೆ ವರ್ಷಕ್ಕೆ ಎರಡು ದೊಡ್ಡ ಅಪ್‌ಡೇಟ್ ಬರುತ್ತವೆ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ. ಅಪ್‌ಡೇಟ್ ಬಂದಾಗಲೆಲ್ಲ ಹಂತ 2ರ ಪುಟ ತೆರೆದು ಹೊಸದಾಗಿ ಏನು ಆನ್ ಆಗಿದೆ ನೋಡಿ. ನಂತರ ಅಪ್‌ಡೇಟ್ ಆದ ಸ್ಯಾಂಡ್‌ಬಾಕ್ಸ್‌ನಲ್ಲಿ, ಈಗಾಗಲೇ ಕೈಯಿಂದ ಹೊಂದಿಸಿ ಮುಗಿಸಿರುವ ಹಳೆಯ ತಿಂಗಳ ಸ್ಟೇಟ್‌ಮೆಂಟ್ ಒಂದನ್ನು ಕೋಪೈಲಟ್‌ಗೆ ಕೊಟ್ಟು, ಅದರ ಸಲಹೆಗಳನ್ನು ನಿಮ್ಮ ಉತ್ತರದ ಜೊತೆ ಹೋಲಿಸಿ. ಚೆಕ್, ಬ್ಯಾಂಕ್ ಶುಲ್ಕ, ಟಿಡಿಎಸ್ ಈ ಮೂರರಲ್ಲಿ ಎಷ್ಟು ತಪ್ಪಿದೆ ಎಂದು ಬರೆದಿಟ್ಟುಕೊಂಡರೆ, ಮುಂದಿನ ಆರು ತಿಂಗಳು ಯಾವ ಸಾಲನ್ನು ಎರಡು ಸಲ ಓದಬೇಕು ಎನ್ನುವುದು ನಿಮ್ಮ ತಂಡಕ್ಕೆ ಗೊತ್ತಿರುತ್ತದೆ.